ಪದಚರ್ಚೆ: ‘ಸ್ಯಾಡಲ್ ಸ್ಟಿಚ್’ ಎಂಬುದಕ್ಕೆ ಜೀನು ಹೊಲಿಗೆಯೋ, ಇಕ್ಕೆಲ ಹೊಲಿಗೆಯೋ? ಚರ್ಮದ ಅಂಚಿಗೆ ‘ಒಪ್ಪ’ ಸಲ್ಲುತ್ತದೆಯೇ?

ಚರ್ಮವನ್ನು ಕೈಯಿಂದ ಹೊಲಿಯಲು ಹೊಸದಾಗಿ ಕಲಿಯುವವರಿಗಾಗಿ ಕನ್ನಡದಲ್ಲಿ ಒಂದು ಕಿರು ಕೈಪಿಡಿಯನ್ನು ಬರೆಯುತ್ತಿದ್ದೇನೆ. ಎರಡು ಪದಗಳ ಬಳಿ ಬರವಣಿಗೆ ನಿಂತುಬಿಟ್ಟಿದೆ. ನನಗೆ ತೋಚಿದ್ದನ್ನು ಕಾರಣಸಹಿತ ಇಲ್ಲಿಡುತ್ತೇನೆ, ಬಲ್ಲವರು ತಿದ್ದಬೇಕು.

ಮೊದಲನೆಯದು ‘ಸ್ಯಾಡಲ್ ಸ್ಟಿಚ್’ (ಸ್ಯಾಡಲ್ ಎಂದರೆ ಕುದುರೆಯ ಜೀನು). ಒಂದೇ ದಾರದ ಎರಡು ತುದಿಗಳಿಗೂ ಒಂದೊಂದು ಸೂಜಿಯನ್ನು ಪೋಣಿಸಿ, ಮೊದಲೇ ಕೊರೆದ ಪ್ರತಿಯೊಂದು ತೂತಿನಲ್ಲಿಯೂ ಎಡದ ಸೂಜಿಯನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ದಾಟಿಸಿ, ಎರಡನ್ನೂ ಒಂದೇ ಬಿಗಿಯಲ್ಲಿ ಎಳೆಯುವ ಹೊಲಿಗೆ ಇದು. ಯಂತ್ರದ ಹೊಲಿಗೆಯಲ್ಲಿ ಮೇಲಿನ ದಾರವೂ ಕೆಳಗಿನ ದಾರವೂ ನಡುವೆ ಕೊಂಡಿ ಹಾಕಿಕೊಂಡಿರುವುದರಿಂದ ಒಂದು ಕಡೆ ಹರಿದರೆ ಅಕ್ಕಪಕ್ಕದ ಹೊಲಿಗೆಗಳೂ ಸಡಿಲವಾಗುತ್ತವೆ. ಇಲ್ಲಿಯಾದರೋ ಒಂದು ಎಳೆ ಹರಿದರೂ ಇನ್ನೊಂದು ಎಳೆ ಅದೇ ತೂತುಗಳ ಮೂಲಕ ಹಾದು ಚರ್ಮವನ್ನು ಹಿಡಿದೇ ಇರುತ್ತದೆ. ಹೆಸರಿನಲ್ಲಿ ಹೇಳಬೇಕಾದದ್ದು ಈ ಗುಣವನ್ನೇ ಹೊರತು ಕುದುರೆಯನ್ನಲ್ಲ ಎಂಬುದು ನನ್ನ ಅನಿಸಿಕೆ.

‘ಜೀನು ಹೊಲಿಗೆ’ ಎಂಬುದು ನೇರ ಅನುವಾದ. ತಪ್ಪೇನಿಲ್ಲ, ಆದರೆ ಕುದುರೆಯ ಜೀನನ್ನೇ ಕಾಣದ ಓದುಗರಿಗೆ ಅದು ಏನನ್ನೂ ತಿಳಿಸುವುದಿಲ್ಲ, ಮೇಲಾಗಿ ಅಚ್ಚಿನಲ್ಲಿ ‘ಜೇನು ಹೊಲಿಗೆ’ಯಾಗುವ ಅಪಾಯವೂ ಇದೆ. ಜೀನಿಗೆ ‘ತಡಿ’ ಎಂಬ ಹಳೆಯ ಮಾತೂ ಉಂಟು. ಅದನ್ನು ಬಳಸೋಣವೆಂದರೆ, ತಡಿ ಎಂದರೆ ದಡ, ಅಂಚು ಎಂಬ ಅರ್ಥವೇ ಇಂದು ಮೊದಲು ಹೊಳೆಯುತ್ತದೆ. ‘ತಡಿ ಹೊಲಿಗೆ’ ಎಂದು ಓದಿದವರು ಅಂಚಿನ ಹೊಲಿಗೆಯೆಂದೇ ತಿಳಿಯುತ್ತಾರೆ, ಈ ಹೊಲಿಗೆ ಬೀಳುವುದು ಹೆಚ್ಚಾಗಿ ಅಂಚಿನಿಂದ ಮೂರು ನಾಲ್ಕು ಮಿಲಿಮೀಟರ್ ಒಳಗೇ ಆದ್ದರಿಂದ ಆ ತಪ್ಪು ತಿಳಿವಳಿಕೆ ಗಟ್ಟಿಯಾಗಿ ಉಳಿದೂಬಿಡುತ್ತದೆ. ಇಂಗ್ಲಿಷಿನ ಪದವನ್ನೇ ಇಟ್ಟುಕೊಳ್ಳೋಣವೆಂದರೆ, ಪುಸ್ತಕ ಕಟ್ಟುವವರು ಹಾಳೆಗಳ ಮಡಿಕೆಗೆ ತಂತಿಪಿನ್ನು ಹೊಡೆಯುವುದನ್ನೂ ಅದೇ ಹೆಸರಿನಿಂದ ಕರೆಯುತ್ತಾರೆ. ಹೀಗಾಗಿ ‘ಇಕ್ಕೆಲ ಹೊಲಿಗೆ’ ಎಂದು ಬರೆದಿದ್ದೇನೆ. ಎರಡು ಕೆಲದಿಂದಲೂ ಸೂಜಿ ಬರುತ್ತದೆ, ಎರಡು ಕೆಲದಲ್ಲಿಯೂ ಹೊಲಿಗೆ ಒಂದೇ ಬಗೆಯಾಗಿ ಕಾಣುತ್ತದೆ.

ಉಪಕರಣಗಳ ವಿಷಯದಲ್ಲಿ ಒಂದೇ ಮಾತು. ತೂತು ಕೊರೆಯುವ ಮೊನೆಗೆ ‘ದಬ್ಬಳ’ ಎಂದು ಬರೆಯಬಾರದು. ದಬ್ಬಳಕ್ಕೆ ಕಣ್ಣಿದೆ, ದಾರ ಪೋಣಿಸುತ್ತಾರೆ, ಇದಕ್ಕೆ ಅದಿಲ್ಲ. ವಚನಕಾರ ಮಾದಾರ ಚೆನ್ನಯ್ಯನ ಅಂಕಿತದಲ್ಲಿಯೇ ‘ಕೈಯುಳಿ’ ಎಂಬ ಮಾತು ಇರುವಾಗ ಹೊಸದನ್ನು ಹುಡುಕುವುದೇಕೆ ಎಂದು ಅದನ್ನೇ ತೆಗೆದುಕೊಂಡಿದ್ದೇನೆ. ಸಾಲಾಗಿ ಹಲ್ಲುಗಳಿರುವ ಉಳಿಗೆ ‘ಹಲ್ಲುಳಿ’ ಎಂದು ನಾನೇ ಕಟ್ಟಿದೆ. ಹೊಲಿಯುವ ಸೂಜಿ ಮಾತ್ರ ‘ಮೊಂಡುಸೂಜಿ’, ಏಕೆಂದರೆ ಚೂಪಾದ ಸೂಜಿ ತೂತಿನಲ್ಲಿ ಮೊದಲೇ ಕುಳಿತಿರುವ ದಾರವನ್ನು ಸೀಳಿಕೊಂಡು ಹೋಗುತ್ತದೆ.

ಹೆಚ್ಚು ತೊಡಕಿನದು ಎರಡನೆಯ ಪದ, ಚರ್ಮದ ಅಂಚನ್ನು ಉಜ್ಜಿ ನಯಗೊಳಿಸುವ ಕೆಲಸದ ಹೆಸರು. ಬಟ್ಟೆಯ ಅಂಚನ್ನು ಮಡಚಿ ಮರೆಮಾಡುತ್ತೇವೆ. ಚರ್ಮದ ಅಂಚು ಬಯಲಾಗಿಯೇ ಉಳಿಯುತ್ತದೆ. ಎರಡು ಮಿಲಿಮೀಟರಿನ ಎರಡು ಪದರ ಸೇರಿದರೆ ನಾಲ್ಕು ಮಿಲಿಮೀಟರಿನ ಮೂರನೆಯ ಮುಖವೊಂದು ಹುಟ್ಟುತ್ತದೆ, ‘ಅಂಚು’ ಎಂಬ ಮಾತು ಈ ಮುಖವನ್ನು ಸೂಚಿಸುವುದೇ ಇಲ್ಲ. ನಾನು ಅದನ್ನು ‘ಕೊಯ್ಮೈ’ ಎಂದೂ, ಅದರ ಎರಡು ಮೂಲೆಗೆರೆಗಳನ್ನು ‘ಏಣು’ ಎಂದೂ ಕರೆದಿದ್ದೇನೆ. ಮೊದಲು ಏಣನ್ನು ಹೆರೆದು, ಕೊಯ್ಮೈಯನ್ನು 400ರ, ಬಳಿಕ ಇನ್ನೂ ನುಣುಪಾದ 600ರ ಮರಳುಕಾಗದದಿಂದ ಸಮಮಾಡಿ, ತುಸು ತೇವವನ್ನೋ ಅಂಟುನೀರನ್ನೋ ಹಚ್ಚಿ, ನುಣುಪಾದ ಮರದಿಂದ ಬಿಸಿಯೇರುವವರೆಗೆ ಉಜ್ಜಿದರೆ ನಾರುಗಳು ಒತ್ತಿಕೊಂಡು ಮಲಗಿ, ಗಾಜಿನಂತೆ ನಯವಾಗುತ್ತವೆ. ಇದು ಸಸ್ಯದ ತೊಗಟೆಯ ರಸದಲ್ಲಿ ಹದಮಾಡಿದ ಚರ್ಮಕ್ಕೆ ಒಗ್ಗುವ ಕೆಲಸ. ಕ್ರೋಮಿಯಂ ಲವಣದಲ್ಲಿ ಹದಮಾಡಿದ್ದು ಸಾಮಾನ್ಯವಾಗಿ ಹೀಗೆ ಮಣಿಯದು, ಅದಕ್ಕೆ ಅಂಚಿನ ಬಣ್ಣವೇ ಗತಿ.

ಈ ಉಜ್ಜುವಿಕೆಗೆ ಹೆಸರೇನು? ‘ಪಾಲಿಶ್’ ಎಂದರೆ ಮೇಲೆ ಏನನ್ನೋ ಬಳಿಯುವುದೆಂಬ ಭಾವನೆ ಬರುತ್ತದೆ. ‘ಹೊಳಪು’ ಫಲವನ್ನು ಮಾತ್ರ ಹೇಳುತ್ತದೆ. ‘ಉಜ್ಜು’ ಎಂದರೆ ಮರಳುಕಾಗದದ ಕೆಲಸವೂ ಅದೇ ಆಯಿತು, ಪಾತ್ರೆ ತೊಳೆಯುವುದೂ ಅದೇ ಆಯಿತು. ಉಳಿದದ್ದು ‘ಒಪ್ಪವಿಡು’. ಒಳಗಿರುವ ಕಾಂತಿಯನ್ನೇ ತಿಕ್ಕಿ ಹೊರತರುವ ಅರ್ಥ ಅದಕ್ಕೆ ಹಳಗನ್ನಡದಿಂದಲೂ ಇದೆ, ಓರಣದ ಅರ್ಥವೂ ಜೊತೆಗೆ ಬರುತ್ತದೆ. ‘ಒಪ್ಪ ಮಾಡು’ ಎಂದು ಬರೆಯಲು ಮಾತ್ರ ಹೆದರಿಕೆ. ಕೆಲವು ಕಡೆ ಅದು ಶವಸಂಸ್ಕಾರದ ಮಾತು, ವಿಷಯ ಬೇರೆ ಸತ್ತ ಪ್ರಾಣಿಯ ತೊಗಲಿನದು!

ನನ್ನ ಪ್ರಶ್ನೆ ಇಷ್ಟು: ‘ಒಪ್ಪವಿಡು’ ಎಂಬುದು ಯಾವುದಾದರೂ ಕಸುಬಿನ ಬಾಯಿಮಾತಿನಲ್ಲಿ ಇನ್ನೂ ಬದುಕಿದೆಯೇ, ಅಥವಾ ನಿಘಂಟಿನಲ್ಲಷ್ಟೇ ಉಳಿದಿದೆಯೇ? ಸುಡುವ ಮೊದಲು ಮಡಕೆಯನ್ನು ನುಣುಪುಗಲ್ಲಿನಿಂದ ತಿಕ್ಕುವ ಕೆಲಸವೂ ಇದೇ ಬಗೆಯದು. ಅಲ್ಲಿಯೂ ಕಣಗಳನ್ನು ಒತ್ತಿ ಮಲಗಿಸಿಯೇ ಮಿರುಗು ತರುತ್ತಾರೆ. ಕುಂಬಾರಿಕೆಯವರು ಅದಕ್ಕೆ ಆಡುವ ಮಾತು ಯಾವುದೆಂದು ಕೇಳಿ ಬಲ್ಲವರಿದ್ದರೆ, ಒಪ್ಪವನ್ನು ಬಿಟ್ಟು ಆ ಮಾತನ್ನೇ ಬಳಸಲು ನಾನು ಸಿದ್ಧನಿದ್ದೇನೆ.