ಪದ ಬೇಕು (ತುರ್ತು): ‘ಪ್ರಜ್ಞೆ’ಯೋ ‘ಅರಿವೋ’?

ಕಲಬುರಗಿಯಿಂದ:
ನಾಳೆ ಸಂಜೆ ಮುದ್ರಣಕ್ಕೆ ಹೋಗಬೇಕು. ಇಲ್ಲಿನ ಒಂದು ಶಾಲೆಯ ವಿಜ್ಞಾನ ಮೇಳಕ್ಕೆ ‘ಮನಸ್ಸನ್ನು ಓದುವುದು ಹೇಗೆ’ ಅಂತ ಆರು ಫಲಕ. ಐದು ಮುಗಿದವು. ಸ್ಯಾಲಿ ಅನ್ನುವ ಗೊಂಬೆಯ ಪ್ರಯೋಗವಿದೆ: ಅವಳು ಇಲ್ಲದಾಗ ಅವಳ ಗೋಲಿ ಯಾರೋ ಬೇರೆ ಕಡೆ ಇಟ್ಟದ್ದು ಅವಳಿಗೆ ಗೊತ್ತಿಲ್ಲ ಎಂಬುದು ನಾಲ್ಕು ವರ್ಷದ ಆಸುಪಾಸಿನಲ್ಲಿ ಮಗುವಿಗೆ ಹೊಳೆಯುತ್ತದಲ್ಲ, ಅದಕ್ಕೆ ‘ತಪ್ಪು ನಂಬಿಕೆ’ ಅಂತ ಹಾಕಿದೆ. ‘ಮೂಢನಂಬಿಕೆಯಾ ಸರ್?’ ಅಂತ ಒಬ್ಬ ಹುಡುಗ ಕೇಳಿದ, ಇರಲಿ.

ಸಿಕ್ಕಿಬಿದ್ದದ್ದು ಆರನೆಯದರಲ್ಲಿ. 2006ರಲ್ಲಿ ನರವಿಜ್ಞಾನಿ ಏಡ್ರಿಯನ್ ಓವೆನ್ ತಂಡ ಮಾಡಿದ ಪ್ರಯೋಗ. ಅಪಘಾತವಾದ ಯುವತಿ, ಕಣ್ಣು ಬಿಡುತ್ತಾಳೆ, ಯಾವುದಕ್ಕೂ ಸ್ಪಂದನೆ ಇಲ್ಲ. ಸ್ಕ್ಯಾನರಿನೊಳಗೆ ಮಲಗಿಸಿ ‘ಟೆನಿಸ್ ಆಡುತ್ತಿದ್ದೇನೆ ಅಂದುಕೋ’ ಎಂದರು. ಆರೋಗ್ಯವಂತರು ಹಾಗೆ ಅಂದುಕೊಂಡಾಗ ಮಿದುಳಿನ ಯಾವ ಭಾಗ ಚುರುಕಾಗುತ್ತದೋ ಅವಳಲ್ಲೂ ಅದೇ ಚುರುಕಾಯಿತು. ಎಚ್ಚರ ಇದ್ದದ್ದು ಮೊದಲೇ ಗೊತ್ತಿತ್ತು, ಕಣ್ಣೇ ತೆರೆದಿತ್ತಲ್ಲ. ಒಳಗೆ ಇನ್ನೊಂದಿತ್ತು. ಅದಕ್ಕೆ ಪದ ಕೊಡಿ. ‘ಪ್ರಜ್ಞೆ’ ಅಂದರೆ ಮಕ್ಕಳಿಗೆ ‘ಪ್ರಜ್ಞೆ ತಪ್ಪಿ ಬಿದ್ದ’ ಅಷ್ಟೇ ನೆನಪಾಗುತ್ತದೆ, ಎರಡೂ ಕಲಸಿಹೋಗುತ್ತವೆ.

ಮೈಸೂರಿನಿಂದ:
ಅರಿವು. ಚರ್ಚೆ ಏನಿದೆ ಇದರಲ್ಲಿ? ನಿಮ್ಮ ಪಕ್ಕದ ಕಲ್ಯಾಣದಲ್ಲೇ ಶರಣರು ವಚನಗಳಲ್ಲಿ ಅರಿವು, ಮರವು ಅಂತ ಆಡಿ ಮುಗಿಸಿದ್ದಾರೆ. ಆದರೆ ‘ಅಱಿವು’ ಅಂತಲೇ ಬರೆಯಿರಿ. ಹಳಗನ್ನಡದಲ್ಲಿ ‘ಅರಿ’ ಅಂದರೆ ಕೊಯ್ಯುವುದು, ‘ಅಱಿ’ ಅಂದರೆ ತಿಳಿಯುವುದು.

ಕಲಬುರಗಿಯಿಂದ:
ಎಂಟನೇ ತರಗತಿಯವರಿಗೆ ಱ? ನಮ್ಮ ಮುದ್ರಣದವರ ಫಾಂಟಿನಲ್ಲಿ ಅದು ಖಾಲಿ ಚೌಕ. ಮೇಲಾಗಿ ‘ಅರಿವು’ ಅಂದರೆ ಇಲ್ಲಿ ‘ಕಾನೂನು ಅರಿವು ಕಾರ್ಯಕ್ರಮ’ ಅನ್ನುವ ಬ್ಯಾನರು.

ಬೀದರಿನಿಂದ:
ನಮ್ಮ ಕಡಿ ‘ಖಬರ್’ ಅಂತಾರ. ‘ಕಣ್ಣ ಬಿಟ್ಟಾನ, ಖಬರ್ ಇಲ್ಲ.’ ದವಾಖಾನಿ ವರಾಂಡದಾಗ ಈ ಮಾತು ಎಷ್ಟ್ ಸಲ ಕೇಳೀನೋ. ನಿಮ್ಮ ಫಲಕದ್ದು ಇದೇ ಅಲ್ಲೇನ್ರಿ?

ಮೈಸೂರಿನಿಂದ:
ಅರಬ್ಬಿ. ಬೇಡ.

ಬೀದರಿನಿಂದ:
‘ವಚನ’ ಯಾವ ಊರಿಂದ ಬಂತ್ರಿ? ಸಂಸ್ಕೃತದ್ದಾದ್ರ ನೆಂಟರು, ಅರಬ್ಬೀದಾದ್ರ ಕಳ್ಳರು? ಖಬರಿನ ಧಾತುವಿಗೂ ತಿಳಿಯೋದು ಅಂತನೇ ಅರ್ಥ, ಪ್ರಜ್ಞೆಯೊಳಗಿನ ‘ಜ್ಞಾ’ಕ್ಕೂ ಅದೇ, ನಿಮ್ಮ ‘ಅಱಿ’ಗೂ ಅದೇ. ‘ಅದಾಲತ್ತು’, ‘ತಹಸೀಲ್ದಾರ’ ಬರೀವಾಗ ಯಾಕ ಸುಮ್ಮನಿರ್ತೀರಿ?

ಮೈಸೂರಿನಿಂದ:
ನಾನು ಬರೆಯುವುದಿಲ್ಲ.

ಯಾದಗಿರಿಯಿಂದ:
ಜಗಳ ಆಮೇಲೆ ಆಡಿ. ‘ಎಚ್ಚರ’ ಅಂದರೆ ಹುಷಾರು ಅಂತಲೂ ಆಗುತ್ತದೆ, ಫಲಕದ ಮೇಲೆ ಒಂದೇ ಪದ ಬಿಟ್ಟರೆ ಕರೆಂಟು ಕಂಬದ ಬೋರ್ಡು ಅಂದುಕೊಳ್ಳುತ್ತಾರೆ. ಜೋಡಿಯಾಗಿ ಹಾಕಿ.

ಕಲಬುರಗಿಯಿಂದ:
ಹಾಕಿದೆ. ತಲೆಬರಹ: ‘ಎಚ್ಚರವಿದೆ, ಅರಿವಿದೆಯೇ?’ ಅದರ ಕೆಳಗೆ ಸಣ್ಣಕ್ಷರದಲ್ಲಿ: ‘ಕಣ್ಣ ಬಿಟ್ಟಾಳ, ಖಬರ್ ಐತೇನು?’ ಈಗ ಮುದ್ರಣಕ್ಕೆ ಕಳಿಸುತ್ತಿದ್ದೇನೆ.

ಮೈಸೂರಿನಿಂದ:
‘ರ’ ತಪ್ಪು.