ಪ್ರಶ್ನೋತ್ತರ: ಅನಿಲ ಪತ್ತೆ ಮಾಡೋ ಎಂಕ್ಯೂ ಸೆನ್ಸರ್‌ಗಳ ಅಗ್ಗದ ‘ಎಲೆಕ್ಟ್ರಾನಿಕ್ ಮೂಗು’

ವಿದ್ಯಾರ್ಥಿ: ಸರ್, ಹೊಸ ಎಂಕ್ಯೂ-135 ರೀಡಿಂಗ್ ಬೆಳಗ್ಗೆಯಿಂದ ಇಳೀತಾನೇ ಇದೆ. ಹಾಳಾಗಿದ್ಯಾ?

ಇಂಜಿನಿಯರ್: ಇಲ್ಲ. ಹೊಸದು ಸ್ಥಿರವಾಗೋಕೆ ಸಮಯ ಬೇಕು, ಸೆನ್ಸರ್ ಒಳಗಿನ ಹೀಟರ್‌ಗೆ 24 ಗಂಟೆ 5 ವೋಲ್ಟ್ ಕೊಟ್ಟಿಟ್ಟು ಆಮೇಲೆ ಅಳೆಯಿರಿ. ಒಂದೊಂದು ಹೀಟರ್ ಸುಮಾರು 150 ಮಿಲಿಆಂಪ್ ಎಳೆಯುತ್ತೆ. ನಾಲ್ಕು ಸೆನ್ಸರ್ ಇದ್ದರೆ ಬೇರೆ ಸಪ್ಲೈ ಬೇಕು. ರೀಡಿಂಗ್ ಓದೋ ಬೋರ್ಡ್ ಇಎಸ್‌ಪಿ32 ಆದರೆ ಸೆನ್ಸರ್ ಔಟ್‌ಪುಟ್‌ಗೆ 10ಕೆ–20ಕೆ ಡಿವೈಡರ್ (ವೋಲ್ಟೇಜ್ ಇಳಿಸೋ ಎರಡು ರೆಸಿಸ್ಟರ್) ಹಾಕಿ, ಪಿನ್‌ಗೆ ಸುಮಾರು 3.3 ವೋಲ್ಟ್ ಮೀರಬಾರದು.



ರೈತ: ಗೋಬರ್ ಗ್ಯಾಸ್ ಗುಂಡಿ ಖಾಲಿ ಮಾಡಿದೀವಿ, ತಳದಲ್ಲಿ ಬಗ್ಗಡ ಉಳಿದಿದೆ. ಎಂಕ್ಯೂ-136 (ಹೈಡ್ರೋಜನ್ ಸಲ್ಫೈಡ್ ಸೆನ್ಸರ್) ಹಗ್ಗಕ್ಕೆ ಕಟ್ಟಿ ಬಿಟ್ಟು ನೋಡಿ ಆಳು ಇಳಿಸಬಹುದಾ?

ಇಂಜಿನಿಯರ್: ದಯವಿಟ್ಟು ಯಾರನ್ನೂ ಇಳಿಸಬೇಡಿ. ಈ ಸೆನ್ಸರ್ ಕೆಲಸ ಮಾಡೋದೇ ಬಿಸಿಯಾದ ಟಿನ್ ಆಕ್ಸೈಡ್ ಮೇಲೆ ಕೂತ ಆಮ್ಲಜನಕದಿಂದ. ಗುಂಡಿಯಲ್ಲಿ ಆಮ್ಲಜನಕ ಕಮ್ಮಿಯಾದರೆ ರೀಡಿಂಗ್ ನಂಬೋ ಹಾಗಿಲ್ಲ, ತೇವಕ್ಕೂ ಅದು ಏರುಪೇರಾಗುತ್ತೆ. ಇನ್ನೂ ಕೆಟ್ಟದ್ದು: ಬಗ್ಗಡದೊಳಗೆ ಸಿಕ್ಕಿಕೊಂಡ ಹೈಡ್ರೋಜನ್ ಸಲ್ಫೈಡ್ ಅನ್ನೋ ವಿಷಾನಿಲ, ಕಾಲಿಟ್ಟು ಕದಡಿದ ಕ್ಷಣ ಏಳುತ್ತೆ. ಅದಕ್ಕೂ ಮುಂಚೆ ಸೊನ್ನೆ ತೋರಿಸಿದ್ದರಿಂದ ಏನೂ ಉಪಯೋಗವಿಲ್ಲ. ಕೊಳೆತ ಮೊಟ್ಟೆ ವಾಸನೆ ಬಂದರೆ ಓಡಿಬರ್ತೀವಿ ಅನ್ನಬೇಡಿ, 100 ಪಿಪಿಎಂ (ಹತ್ತು ಲಕ್ಷ ಭಾಗ ಗಾಳಿಯಲ್ಲಿ 100 ಭಾಗ) ಹೊತ್ತಿಗೆ ಮೂಗೇ ಸತ್ತುಹೋಗುತ್ತೆ. ನೀರು ಹಾಕಿ ತೆಳುಮಾಡಿ ಸ್ಲರಿ ಪಂಪಿನಿಂದ ಮೇಲಿಂದಲೇ ಎಳೆಯಿರಿ. ಒಳಗೆ ಬಿದ್ದವರನ್ನು ಎತ್ತೋಕೆ ಇನ್ನೊಬ್ಬರು ಹಾರಬಾರದು. ಸಾವು ಎರಡಾಗೋದು ಹಾಗೇ.

ಸದಸ್ಯ: ‘ದೀಪ ಇಳಿಸಿ, ಆರದಿದ್ದರೆ ಇಳಿಯಬಹುದು’ ಅಂತ ವಾಟ್ಸಾಪಲ್ಲಿ ಬಂದಿದೆಯಲ್ಲ?

ಇಂಜಿನಿಯರ್: ಅದನ್ನ ಇಲ್ಲಿ ಹಂಚಬೇಡಿ! ಗಾಳಿಯಲ್ಲಿ ಮೀಥೇನ್ ಶೇ. 5ರಿಂದ 15 ಇದ್ದರೆ ಆ ದೀಪದಿಂದಲೇ ಸ್ಫೋಟ. ಕೊಲ್ಲುವಷ್ಟು ಹೈಡ್ರೋಜನ್ ಸಲ್ಫೈಡ್ ಇದ್ದರೂ ದೀಪ ಉರೀತಾನೇ ಇರುತ್ತೆ.

ಸದಸ್ಯ: ಹಿಂದಿನವರು ಬಾವಿಗೆ ದೀಪ ಇಳಿಸ್ತಿದ್ದದ್ದು ಸುಳ್ಳಾ?

ವೆಲ್ಡರ್: ಬಾವಿ ಬೇರೆ, ಸಗಣಿ ಗುಂಡಿ ಬೇರೆ. ಅಲ್ಲಿ ನೋಡ್ತಿದ್ದದ್ದು ಆಮ್ಲಜನಕ ಇದೆಯಾ ಅಂತ ಮಾತ್ರ.

ಸದಸ್ಯ: ನಿಮ್ಮನ್ನ ಕೇಳಲಿಲ್ಲ.

ವೆಲ್ಡರ್: ತಪ್ಪು ಹೇಳಿದರೆ ಯಾರಾದರೂ ತಿದ್ದಲೇಬೇಕು.

ಇನ್ನೊಬ್ಬ ವಿದ್ಯಾರ್ಥಿ: ಸರ್, ಎಂಕ್ಯೂ-135 ರೀಡಿಂಗ್ ಇಳೀತಿದೆ. ಪಿಪಿಎಂ ಕೋಡ್ ಕಳಿಸಿ.

ಇಂಜಿನಿಯರ್: ಮೇಲೆ ಓದಿ. ಪ್ರಮಾಣ ಗೊತ್ತಿರೋ ಅನಿಲದಲ್ಲಿ ಕ್ಯಾಲಿಬ್ರೇಟ್ ಮಾಡದೆ (ಹೋಲಿಸಿ ಸರಿಹೊಂದಿಸದೆ) ಯಾವ ಕೋಡೂ ಪಿಪಿಎಂ ಕೊಡಲ್ಲ.

ರೈತ: ಗುಂಡಿಗೆ ಗಾಳಿ ಊದೋ ಬ್ಲೋವರ್ ಎರಡು ಗಂಟೆ ಹಾಕಿದರೆ ಸಾಕಾ ಸರ್?

ಇಂಜಿನಿಯರ್: ಗಂಟೆ ಲೆಕ್ಕ ಇಲ್ಲ. ಇಳಿಯಲೇಬೇಕಾದರೆ ತರಬೇತಿ ಆದವರೇ ಇಳಿಯಬೇಕು: ಕ್ಯಾಲಿಬ್ರೇಟ್ ಆದ ನಾಲ್ಕು ಅನಿಲದ ಮೀಟರ್ (ಆಮ್ಲಜನಕ, ಹೊತ್ತಿಕೊಳ್ಳೋ ಅನಿಲ, ಹೈಡ್ರೋಜನ್ ಸಲ್ಫೈಡ್, ಕಾರ್ಬನ್ ಮೊನಾಕ್ಸೈಡ್), ಗುಂಡಿಯ ಬಾಯಿ, ನಡು, ತಳ ಮೂರೂ ಕಡೆ ಅಳತೆ, ಮೈಗೆ ಬೆಲ್ಟು, ಮೇಲೆ ಹಗ್ಗ ಹಿಡಿದವರು. ಆಮ್ಲಜನಕ ಶೇ. 19.5ಕ್ಕಿಂತ ಕಮ್ಮಿ ಇದ್ದರೆ ಇಳಿಯೋ ಹಾಗೇ ಇಲ್ಲ. ಒಳಗೆ ಆಳು ಇರೋವರೆಗೂ ಬ್ಲೋವರ್ ನಿಲ್ಲಬಾರದು.