ರಾಷ್ಟ್ರಪತಿ ಭವನದ ಗಾರ್ಡ್ ಡ್ಯೂಟಿ ಮುಗಿಸಿ ಊರಿಗೆ ಬರುವವರಿಗೆ ಮುಂದೇನು?

ಪ್ರಶ್ನೆ: ನಮ್ಮ ಯಜಮಾನರು ಸೈನ್ಯದ ಇನ್‌ಫೆಂಟ್ರಿಯಲ್ಲಿ (ಕಾಲಾಳು ಪಡೆ) ಇದ್ದಾರೆ. 17 ವರ್ಷದ ಸರ್ವಿಸ್ ಮುಗಿಸಿ ಮುಂದಿನ ವರ್ಷ ಮನೆಗೆ ಬರುತ್ತಾರೆ. ಈಗ ಅವರ ಬೆಟಾಲಿಯನ್‌ಗೆ ರಾಷ್ಟ್ರಪತಿ ಭವನದ ಗಾರ್ಡ್ ಡ್ಯೂಟಿ. "ನಿಲ್ಲೋದು ಬಿಟ್ಟರೆ ನನಗೇನು ಬರುತ್ತೆ" ಅಂತ ಫೋನಿನಲ್ಲಿ ಕೊರಗುತ್ತಾರೆ. ಇಂಥ ಡ್ಯೂಟಿ ಮಾಡಿ ಬಂದವರು ಆಮೇಲೆ ಏನು ಮಾಡಿದಿರಿ?

ಉತ್ತರ 1: ತಂಗಿ, ನಾನು ಇಂಡಿಯಾ ಗೇಟ್ ಕೆಳಗೆ ಅಮರ್ ಜವಾನ್ ಜ್ಯೋತಿ ಹತ್ತಿರ ನಿಂತವನು. 1972ರಿಂದ ಅಲ್ಲಿ ಉರಿಯುತ್ತಿದ್ದ ಆ ಜ್ಯೋತಿಯನ್ನು 2022ರ ಜನವರಿ 21ರಂದು ಯುದ್ಧ ಸ್ಮಾರಕದ ಜ್ಯೋತಿ ಜೊತೆ ಸೇರಿಸಿದರಲ್ವಾ, ಅವತ್ತು ಟಿವಿ ಮುಂದೆ ನನಗೆ ಕೂತಿರಲು ಆಗಲಿಲ್ಲ. ಎದ್ದು ನಿಂತೆ.

ನಿಲ್ಲೋದು ಸುಮ್ನೆ ಬರುವ ವಿದ್ಯೆ ಅಲ್ಲ ಅಂತ ಅವರಿಗೆ ಹೇಳಿ. ಮಂಡಿ ಬಿಗಿಹಿಡಿದು ನಿಂತರೆ ರಕ್ತ ಕಾಲಲ್ಲೇ ಉಳಿದು ತಲೆಗೆ ಸಾಲದೆ ಕಣ್ಣು ಕತ್ತಲೆ ಬರುತ್ತದೆ, ಎಂಥ ಗಟ್ಟಿ ಆಳೂ ಬೀಳುತ್ತಾನೆ. ಬೂಟಿನೊಳಗೆ ಬೆರಳು ಆಡಿಸುತ್ತಾ, ಮೀನಖಂಡ ಬಿಗಿ ಮಾಡಿ ಸಡಿಲ ಬಿಡುತ್ತಾ, ನೋಡುವವರಿಗೆ ಒಂದಿಷ್ಟೂ ಗೊತ್ತಾಗದ ಹಾಗೆ ಇರಬೇಕು. "ಸಲಾಮಿ ಶಸ್ತ್ರ" ಅಂತ ರೈಫಲ್ ಹಿಡಿದು ವಂದಿಸುವ ಆಜ್ಞೆ ಬಂದರೆ ಅಷ್ಟೂ ರೈಫಲ್‌ಗಳದ್ದು ಒಂದೇ ಸದ್ದು. ಅಷ್ಟು ತಾಳ್ಮೆ ಇರುವವರು ಓದೋಕೆ ಕೂತರೆ ಓದುತ್ತಾರೆ.

ನಾನು ಮಾಡಿದ ತಪ್ಪು ಅವಸರ. ಬಂದ ತಿಂಗಳಲ್ಲೇ ಒಂದು ಖಾಸಗಿ ಸೆಕ್ಯೂರಿಟಿ ಏಜೆನ್ಸಿ ಸೇರಿದೆ. ಗೇಟಲ್ಲಿ 12 ಗಂಟೆ, ಕೂರಲು ಕುರ್ಚಿ ಇಲ್ಲ, ಮಾತಾಡಿದಷ್ಟು ಸಂಬಳವೂ ಇಲ್ಲ. ಕಾಲಿನ ನರ ಉಬ್ಬಿಕೊಂಡವು. ಆರು ತಿಂಗಳಿಗೆ ಬಿಟ್ಟು ಬ್ಯಾಂಕ್ ಕ್ಲರ್ಕ್ ಪರೀಕ್ಷೆಗೆ ಓದಿದೆ. ಡಿಗ್ರಿ ಇಲ್ಲ ಅಂತ ಹಿಂಜರಿಯಬೇಡಿ. ಎಸ್ಸೆಸ್ಸೆಲ್ಸಿ ಪಾಸಾಗಿ 15 ವರ್ಷ ಸರ್ವಿಸ್ ಮಾಡಿ, ಸೈನ್ಯದ ವಿಶೇಷ ಶಿಕ್ಷಣ ಪ್ರಮಾಣಪತ್ರ ಪಡೆದ ಮಾಜಿ ಸೈನಿಕರು ಅದಕ್ಕೆ ಅರ್ಜಿ ಹಾಕಬಹುದು, ಮೀಸಲಾತಿಯೂ ಇದೆ. ಮೊದಲ ಸಲ ಇಂಗ್ಲಿಷ್‌ನಲ್ಲಿ ಕೈಕೊಟ್ಟಿತು, ಎರಡನೇ ಸಲ ಆಯಿತು. ಈಗ ಕೌಂಟರ್‌ನಲ್ಲಿ ಕೂರುತ್ತೇನೆ.

ಇನ್ನೊಂದು, ಮನೆ ಕಟ್ಟಬೇಕು ಅಂತ ಪೆನ್ಷನ್ ಕಮ್ಯೂಟ್ ಮಾಡಿಸುವ, ಅಂದರೆ ತಿಂಗಳ ಪೆನ್ಷನ್‌ನ ಒಂದು ಭಾಗ ಬಿಟ್ಟುಕೊಟ್ಟು ಬದಲಿಗೆ ಒಟ್ಟಿಗೆ ದುಡ್ಡು ತಗೊಳ್ಳುವ ಮೊದಲು ಇಬ್ಬರೂ ಕೂತು ಲೆಕ್ಕ ಹಾಕಿ. 50%ವರೆಗೆ ಹಾಗೆ ತಗೊಳ್ಳಬಹುದು. ಆ ಭಾಗ ತಿಂಗಳ ಪೆನ್ಷನ್‌ಗೆ ವಾಪಸ್ ಸೇರಲು 15 ವರ್ಷ ಬೇಕು.

ಉತ್ತರ 2: ನಾನು ಮಾಜಿ ಸೈನಿಕರ ಹೆಂಡತಿ. ಮೇಲಿನ ಅಣ್ಣ ಕೆಲಸದ ವಿಷಯ ಹೇಳಿದ್ದಾರೆ, ನಾನು ಮನೆಯದ್ದು ಹೇಳುತ್ತೇನೆ. ನಮ್ಮವರು ಬಂದ ಹೊಸದರಲ್ಲಿ ಮಗಳು ಏನು ಹೇಳಿದರೂ ಮುಖದಲ್ಲಿ ಒಂದು ಗೆರೆ ಬದಲಾಗುತ್ತಿರಲಿಲ್ಲ. "ಅಪ್ಪನಿಗೆ ನನ್ನ ಮೇಲೆ ಕೋಪಾನಾ" ಅಂತ ಅವಳು ಅಡುಗೆಮನೆಗೆ ಬಂದು ನನ್ನನ್ನು ಕೇಳುತ್ತಿದ್ದಳು. ಅವರಿಗೆ ಹೇಳಿದರೆ ಆಶ್ಚರ್ಯ. ಅವರಿಗೆ ಕೋಪವೇ ಇರಲಿಲ್ಲ, ಮುಖ ಅಲ್ಲಾಡಬಾರದು ಅಂತ ಅಷ್ಟು ವರ್ಷ ಕಲಿಸಿದ್ದರು, ಅಷ್ಟೇ. ಆಗಸ್ಟ್ 15ಕ್ಕೆ ಪಕ್ಕದ ಶಾಲೆಯ ಮಕ್ಕಳಿಗೆ ಮಾರ್ಚ್ ಕಲಿಸಲು ಕರೆದರು. ಎಡ ಬಲ ತಪ್ಪಿಸುವ ಪುಟಾಣಿಗಳ ಮಧ್ಯೆ ಅವರು ಜೋರಾಗಿ ನಕ್ಕಿದ್ದನ್ನು ನಾನು ಕಾಂಪೌಂಡ್ ಹೊರಗಿಂದ ನೋಡಿದೆ. ಮನೆಗೆ ಬಂದು ಅತ್ತುಬಿಟ್ಟೆ. ನೀವೂ ಮೊದಲ ವರ್ಷ ಅವರ ಮೌನಕ್ಕೆ ಬೇಸರ ಮಾಡಿಕೊಳ್ಳಬೇಡಿ, ಆದರೆ ಮಕ್ಕಳಿಗೆ ಮೊದಲೇ ಹೇಳಿಡಿ.

ಮತ್ತೆ ಕಾಗದಪತ್ರ. ನನ್ನ ಹೆಸರಿನಲ್ಲಿ ಒಂದು ಅಕ್ಷರ ವ್ಯತ್ಯಾಸ ಇತ್ತು ಅಂತ ಇಸಿಎಚ್‌ಎಸ್ (ಮಾಜಿ ಸೈನಿಕರ ಆರೋಗ್ಯ ಯೋಜನೆ) ಕಾರ್ಡಿಗೆ ಎಂಟು ತಿಂಗಳು ಓಡಾಡಿದೆವು. ನಿಮ್ಮ ಹೆಸರು, ಮಕ್ಕಳ ಹುಟ್ಟಿದ ತಾರೀಖು ಅವರ ಸರ್ವಿಸ್ ದಾಖಲೆಯಲ್ಲೂ ಆಧಾರ್‌ನಲ್ಲೂ ಒಂದೇ ಥರ ಇದೆಯಾ ಅಂತ ಈ ರಜೆಯಲ್ಲೇ ನೋಡಿ. ಯೂನಿಟ್‌ನಲ್ಲಿ ಇರುವಾಗಲೇ ತಿದ್ದಿಸಿಕೊಂಡು ಬರಲಿ.